ಎದುರು ಬದುರು ಸಾಲಿನ ಮಕ್ಕಳು: ಉತ್ತರ ಬೆಂಗಳೂರಿನ ಒಂದು ಕಲಿಕಾ ಕೇಂದ್ರದ ಪ್ರಕರಣ ಅಧ್ಯಯನ

ಬೆಂಗಳೂರಿನ ಥಣಿಸಂದ್ರ, ಹೆಗಡೆನಗರದ ಕಡೆ ಇನ್ನೂ ಅಪಾರ್ಟ್‌ಮೆಂಟ್ ಏಳದ ಖಾಲಿ ಜಾಗಗಳಲ್ಲಿ ತಗಡು ಮತ್ತು ಟಾರ್ಪಾಲಿನ ಶೆಡ್‌ಗಳ ಸಾಲುಗಳಿವೆ. ಈ ಬರಹ ಅಂಥ ಒಂದು ಜಾಗದ್ದು. ಒಂದು ಸಾಲಿನಲ್ಲಿ ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಕುಟುಂಬಗಳಿವೆ. ಎದುರು ಸಾಲಿನಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದಾರೆ. ನಡುವೆ ಒಂದು ಗುಜರಿ ಗೋಡೌನ್. ನೀರಿಗೆ ಎರಡೂ ಸಾಲಿಗೂ ಒಂದೇ ಟ್ಯಾಂಕರ್. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಜಾಗದ ಗುರುತನ್ನಾಗಲೀ ಯಾರ ಹೆಸರನ್ನಾಗಲೀ ಇಲ್ಲಿ ಕೊಟ್ಟಿಲ್ಲ.

ಅಲ್ಲಿ ಒಂದು ಸಣ್ಣ ಕಲಿಕಾ ಕೇಂದ್ರ ಇದೆ. ತಗಡಿನ ಚಾವಣಿ, ಸಿಮೆಂಟ್ ನೆಲ, ಪ್ಲಾಸ್ಟಿಕ್ ಚಾಪೆಗಳು, ಗೋಡೆಗೆ ಬಳಿದ ಕಪ್ಪು ಹಲಗೆ. ನಾನು ಅಲ್ಲಿ ಕನ್ನಡ ಮತ್ತು ಲೆಕ್ಕ ಹೇಳಿಕೊಡುತ್ತೇನೆ. ಶುರುವಿನಲ್ಲಿ ಅದು ನಿರಾಶ್ರಿತ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಈಗ ಬೀದಿಯ ಎಲ್ಲ ಮಕ್ಕಳದ್ದು. ಈ ಬದಲಾವಣೆ ಆಗದೆ ಇದ್ದಿದ್ದರೆ ನಿರಾಶ್ರಿತ ಮಕ್ಕಳಿಗೂ ಹೆಚ್ಚೇನೂ ಸಿಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಯಾರು ಈ ಮಕ್ಕಳು?

ಮ್ಯಾನ್ಮಾರ್‌ನ 1982ರ ಪೌರತ್ವ ಕಾಯ್ದೆ ರೋಹಿಂಗ್ಯಾಗಳನ್ನು ತನ್ನ ಪ್ರಜೆಗಳ ಪಟ್ಟಿಯಿಂದ ಹೊರಗಿಟ್ಟಿತು. 2012ರಲ್ಲಿ ರಖೈನ್ ಪ್ರಾಂತ್ಯದಲ್ಲಿ ಹಿಂಸೆ ನಡೆಯಿತು. 2017ರ ಆಗಸ್ಟ್ ನಂತರವಂತೂ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಬಂದರು. ಭಾರತಕ್ಕೆ ಬಂದವರು ಜಮ್ಮು, ಹೈದರಾಬಾದ್, ದೆಹಲಿ, ಹರಿಯಾಣದ ಕಡೆ ನೆಲೆಸಿದರು. ಕೆಲವರು ಬೆಂಗಳೂರಿಗೂ ಬಂದರು. ಇಲ್ಲಿ ಅವರಿಗೆ ಸಿಕ್ಕ ಕೆಲಸ ಚಿಂದಿ ಆಯುವುದು, ಕಸ ಬೇರ್ಪಡಿಸುವುದು. ಬೆಳಗಿನ ಜಾವವೇ ಅಪ್ಪ ತಳ್ಳುಗಾಡಿ ಅಥವಾ ಸೈಕಲ್ ಗಾಡಿ ತಗೊಂಡು ಹೊರಡುತ್ತಾರೆ. ಮೂಟೆ ಬಂದ ಮೇಲೆ ಬಾಟಲಿ ಒಂದು ಕಡೆ, ರಟ್ಟು ಒಂದು ಕಡೆ, ಹಾಲಿನ ಕವರ್ ಇನ್ನೊಂದು ಕಡೆ ಆಗಬೇಕು. ಅದರಲ್ಲಿ ಮಕ್ಕಳ ಕೈಯೂ ಇರುತ್ತದೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಯಾವ ಗುಂಪಿಗೆ ಯಾವ ಅನುಕೂಲ ಎಂಬುದು ಆಯಾ ಕಾಲದ ಸರ್ಕಾರದ ತೀರ್ಮಾನಕ್ಕೆ ಬಿಟ್ಟದ್ದು. ನಮ್ಮ ರಾಜ್ಯದಲ್ಲೇ ನೋಡಿ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟಿಯನ್ನರಿಗೆ ಜಮೀನು ಸಿಕ್ಕಿತು. ಅವರ ಮಕ್ಕಳಿಗೆ ಅವರ ಭಾಷೆ ಕಲಿಸುವ ಶಾಲೆಗಳಾದವು. ಆ ಮಕ್ಕಳು ಕಾಲೇಜಿಗೂ ಹೋದರು. ನಿರಾಶ್ರಿತ ಮಕ್ಕಳಿಗೆ ಓದಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ, ಅಲ್ವಾ? ಥಣಿಸಂದ್ರದ ಶೆಡ್‌ಗಳಿಗೆ ಮಾತ್ರ ಆ ಭಾಗ್ಯ ಬಂದಿಲ್ಲ.

ಎದುರು ಸಾಲಿನ ಮಕ್ಕಳ ಕತೆಯನ್ನೂ ಹೇಳಬೇಕು. ಇಂಥ ಯೋಜನೆಗಳ ಕಾಗದದಲ್ಲಿ ಇವರನ್ನು 'ಸ್ಥಳೀಯರು' ಎಂದು ಬರೆಯುತ್ತಾರೆ. ಆದರೆ ಇವರಿಗೂ ಬೆಂಗಳೂರಿನಲ್ಲಿ ಸ್ವಂತದ್ದು ಅನ್ನುವುದು ಏನೂ ಇಲ್ಲ. ಮಗುವಿನ ಹೆಸರು ಊರಿನ ಶಾಲೆಯ ಹಾಜರಿಯಲ್ಲಿ ಇರುತ್ತದೆ, ಮಗು ಇಲ್ಲಿ ಇರುತ್ತದೆ. ಇಲ್ಲಿನ ಸರ್ಕಾರಿ ಶಾಲೆಗೆ ಸೇರಿದವರೂ ಜಾತ್ರೆಗೆ, ಬಿತ್ತನೆಗೆ, ಮದುವೆಗೆ ಅಂತ ಊರಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿದ್ದು ಎರಡನೇ ಕ್ಲಾಸಿನ ಪಾಠ ಓದಲಾಗದ ಮಕ್ಕಳು ಆ ಸಾಲಿನಲ್ಲಿ ಎಷ್ಟೋ ಇದ್ದರು. ಕೆಲವು ಮನೆಗಳಲ್ಲಿ ಲಂಬಾಣಿ ಮಾತಾಡುತ್ತಾರೆ, ಕೆಲವರದ್ದು ತೆಲುಗು ಬೆರೆತ ಮಾತು. ಶಾಲೆಯ ಪುಸ್ತಕದ ಕನ್ನಡ ಅವರಿಗೂ ದೂರವೇ.

ಬ್ಯಾಗಿನ ಜಗಳ

ಕೇಂದ್ರದ ಮೊದಲ ವರ್ಷ ಯಾರೋ ದಾನಿಗಳು ಮಕ್ಕಳಿಗೆ ಹೊಸ ಬ್ಯಾಗು, ನೋಟ್‌ಬುಕ್ಕು, ನೀರಿನ ಬಾಟಲಿ ಕೊಟ್ಟರು. ಪಟ್ಟಿಯಲ್ಲಿ ಇದ್ದದ್ದು ನಿರಾಶ್ರಿತ ಮಕ್ಕಳ ಹೆಸರು ಮಾತ್ರ. ಸಂಜೆಯಾಗುವಷ್ಟರಲ್ಲಿ ಟ್ಯಾಂಕರ್ ಹತ್ತಿರ ಕೊಡಪಾನ ಹಿಡಿದು ನಿಂತಿದ್ದ ಹೆಂಗಸರ ನಡುವೆ ಜೋರು ಜಗಳವಾಯಿತು. ಮಾರನೆಯ ದಿನ ರಾಯಚೂರು ಕಡೆಯ ಒಬ್ಬ ತಾಯಿ ಬಾಗಿಲಲ್ಲಿ ನಿಂತು ಕೇಳಿದರು: "ನಮ್ಮ ಮಕ್ಕಳಿಗೂ ಓದಾಕ ಬರಂಗಿಲ್ರೀ ಟೀಚರ್. ಅವಕ್ಕ ಯಾರ್ ಕೊಡ್ತಾರ ಬ್ಯಾಗು? ನಾವು ಈ ರಾಜ್ಯದವರಾಗಿದ್ದೇ ತಪ್ಪಾತೇನು?"

ಆ ಮಾತಿನಲ್ಲಿ ದ್ವೇಷ ಇರಲಿಲ್ಲ. ಲೆಕ್ಕ ಇತ್ತು, ಅದೂ ಸರಿಯಾದ ಲೆಕ್ಕ. ಆದರೆ ಅದಕ್ಕೆ ಉತ್ತರ ಸಿಗದೆ ಹೋದರೆ ನಾಳೆ ಅದೇ ಮಾತು ಬೇರೆಯವರ ಬಾಯಲ್ಲಿ ಬೇರೆ ರೂಪ ತಾಳುತ್ತದೆ. 'ಇವರನ್ನು ಇಲ್ಲಿಂದ ಎಬ್ಬಿಸಿ' ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ನಿರಾಶ್ರಿತ ಮಗುವಿಗೆ ಬ್ಯಾಗಿಗಿಂತ ದೊಡ್ಡ ಆಸರೆ ಅಂದರೆ ಎದುರು ಮನೆಯವರ ಒಳ್ಳೆಯ ಮನಸ್ಸು. ಅದನ್ನು ಕಳೆದುಕೊಂಡು ಬ್ಯಾಗು ಪಡೆಯುವುದು ಯಾವ ಲಾಭ?

ದೊಡ್ಡ ಮಟ್ಟದಲ್ಲಿ ಇದು ಈಗಾಗಲೇ ಗೊತ್ತಿರುವ ಪಾಠ. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ಲಕ್ಷಾಂತರ ರೋಹಿಂಗ್ಯಾಗಳ ಶಿಬಿರಗಳಿವೆ. ಅಲ್ಲಿನ ಪರಿಹಾರ ಯೋಜನೆಯಲ್ಲಿ ಸುತ್ತಲಿನ ಉಖಿಯಾ, ಟೆಕ್‌ನಾಫ್ ಭಾಗದ ಬಾಂಗ್ಲಾ ಜನರಿಗೂ ಪಾಲು ಇಟ್ಟಿದ್ದಾರೆ. ಶಿಬಿರದ ಕಲಿಕಾ ಕೇಂದ್ರಗಳಲ್ಲಿ ಒಬ್ಬರು ಸ್ಥಳೀಯ ಬಾಂಗ್ಲಾ ಶಿಕ್ಷಕರು, ಒಬ್ಬರು ರೋಹಿಂಗ್ಯಾ ಶಿಕ್ಷಕರು ಎಂಬ ಜೋಡಿ ವ್ಯವಸ್ಥೆ ಮಾಡಿದರು. ಊರಿನವರಿಗೆ ಉದ್ಯೋಗ, ಮಕ್ಕಳಿಗೆ ತಮ್ಮ ಮಾತು ಬಲ್ಲ ಒಬ್ಬರು.

ನಮ್ಮ ಕೇಂದ್ರದಲ್ಲಿ ಎರಡೂ ಸಾಲಿನ ತಾಯಂದಿರನ್ನು ಒಟ್ಟಿಗೆ ಕೂರಿಸಿದೆವು. ಅಲ್ಲಿ ಒಂದು ಸರಳ ನಿಯಮ ಬಂತು. ಏನೇ ಬಂದರೂ ಎಲ್ಲರಿಗೂ, ಇಲ್ಲವಾದರೆ ಯಾರಿಗೂ ಇಲ್ಲ. ಮೊಟ್ಟೆ, ಚಿಕ್ಕಿ, ಪೆನ್ಸಿಲ್ ಎಲ್ಲಕ್ಕೂ ಇದೇ ನಿಯಮ. ಒಂದು ಸಾಲಿನ ಮಕ್ಕಳಿಗೆ ಮಾತ್ರ ಕೊಡುತ್ತೇವೆ ಅಂದ ದಾನಿಗಳಿಗೆ ಕೇಂದ್ರದವರು ಬೇಡ ಅಂದರು. ಆಗ ಕೈ ಸ್ವಲ್ಪ ಬಿಗಿಯಾಯಿತು. ಆದರೂ ಅದು ಸರಿಯಾದ ನಿರ್ಧಾರ.

ಹೊತ್ತು ಹೊಂದಿಸಿದ್ದು

ಮೊದಲು ಕೇಂದ್ರ ಬೆಳಗ್ಗೆ ಹತ್ತರಿಂದ ಒಂದರವರೆಗೆ ನಡೆಯುತ್ತಿತ್ತು. ಆ ಹೊತ್ತಿಗೇ ಮೂಟೆಗಳು ಬಂದು ಬೀಳುತ್ತವೆ. ಮಕ್ಕಳು ಬರುವುದು ಹೇಗೆ? ಎದುರು ಸಾಲಿನವರು ಆಗ ಶಾಲೆಯಲ್ಲಿ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಶಾಲೆ ನೋಡದ ಮಕ್ಕಳಿಗೆ ಒಂದು ಪಾಳಿ ಮಾಡಿದೆವು. ನಾಲ್ಕೂವರೆಗೆ ಶಾಲೆ ಮುಗಿಸಿ ಬಂದವರೂ ಅವರ ಜೊತೆ ಸೇರುತ್ತಾರೆ. ಆರೂವರೆವರೆಗೆ ಎಲ್ಲರೂ ಒಟ್ಟಿಗೆ. ಬೀದಿಯ ಬಾಯಲ್ಲಿ ಅದು 'ಟ್ಯೂಷನ್' ಆಯಿತು. ಆ ಹೆಸರಿನಿಂದ ಒಳ್ಳೆಯದೇ ಆಯಿತು. ದುಡ್ಡಿರುವವರ ಮಕ್ಕಳೂ ಟ್ಯೂಷನ್ನಿಗೆ ಹೋಗುತ್ತಾರೆ, ಅದರಲ್ಲಿ ಕೀಳರಿಮೆ ಇಲ್ಲ.

ರಂಜಾನ್ ತಿಂಗಳಲ್ಲಿ ಸಂಜೆಯ ಹೊತ್ತು ಬೇಗ ಮುಗಿಯುತ್ತದೆ. ಮುಂಗಾರು ಬಿತ್ತನೆಗೆ ಊರಿಗೆ ಹೋಗುವವರಿಗೆ ಓದುವ ಹಾಳೆಗಳನ್ನು ಕಟ್ಟಿ ಕೊಡುತ್ತೇವೆ. ತಮ್ಮ, ತಂಗಿಯನ್ನು ಸೊಂಟದ ಮೇಲೆ ಹೊತ್ತು ಬರುವ ಹುಡುಗಿಯರನ್ನು ವಾಪಸ್ ಕಳಿಸುವಂತಿಲ್ಲ. ಕಳಿಸಿದರೆ ಅವರು ಮತ್ತೆ ಬರುವುದಿಲ್ಲ. ಹತ್ತಿರದ ಅಂಗನವಾಡಿ ಟೀಚರ್ ಕೆಲವು ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳಲು ಒಪ್ಪಿದರು. ಉಳಿದ ಪುಟಾಣಿಗಳು ಚಾಪೆಯ ಮೂಲೆಯಲ್ಲಿ ಆಡಿಕೊಂಡಿರುತ್ತವೆ.

ಚಾಪೆಯ ಮೇಲೆ ನಡೆದದ್ದು

ವಯಸ್ಸು ನೋಡಿ ಗುಂಪು ಮಾಡುವುದನ್ನು ಬಿಟ್ಟೆವು. ಅಕ್ಷರ ಗುರುತಿಸುವವರು, ಪದ ಓದುವವರು, ಸಾಲು ಓದುವವರು, ಕತೆ ಓದುವವರು, ಹೀಗೆ ಕೂರಿಸಿದೆವು. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆ ದೇಶದ ಹಲವು ಕಡೆ ಈ ಪದ್ಧತಿಯಲ್ಲಿ ಕೆಲಸ ಮಾಡಿದೆ. ಇದರಿಂದ ಒಂದು ಅನಿರೀಕ್ಷಿತ ಲಾಭವಾಯಿತು. ಹನ್ನೊಂದು ವರ್ಷದ ರೋಹಿಂಗ್ಯಾ ಹುಡುಗ ಮತ್ತು ನಾಲ್ಕನೇ ಕ್ಲಾಸಿನ ಯಾದಗಿರಿ ಹುಡುಗ ಒಂದೇ ಗುಂಪಿಗೆ ಬಂದರು. ಇಬ್ಬರಿಗೂ ಪದ ಓದುವುದೇ ಕಷ್ಟ. ಒಬ್ಬ ಹೆಚ್ಚು, ಒಬ್ಬ ಕಡಿಮೆ ಎಂಬ ಭಾವನೆ ಅಲ್ಲಿಗೆ ಹೋಯಿತು.

ಕನ್ನಡಕ್ಕೆ ನಮ್ಮ ಕೈಗೆ ಸಿಕ್ಕ ಒಳ್ಳೆಯ ಸಾಧನ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು ಇದನ್ನು ಕಟ್ಟಿದರು. ಇದರಲ್ಲಿ 'ಅ ಆ ಇ ಈ' ಇಂದ ಆರಂಭ ಇಲ್ಲ. ರ, ಗ, ಸ, ದ, ಅ ಅಕ್ಷರಗಳು ಮೊದಲು. ಅಷ್ಟರಲ್ಲೇ ಸರ, ದರ, ಅರಸ, ಗರಗಸ ಓದಬಹುದು. ಮೊದಲ ವಾರಗಳಲ್ಲೇ ಮಗುವಿಗೆ 'ನಾನು ಓದಿದೆ' ಅನ್ನಿಸುತ್ತದೆ. ತಿಂಗಳುಗಟ್ಟಲೆ ಗೈರಾಗಿ ಬಂದ ಮಗು ಕೂಡ ಕಲಿಕಾ ಏಣಿಯಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳ ಪಟ್ಟಿಯಲ್ಲಿ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ವಲಸೆ ಹೋಗುವ ಮಕ್ಕಳಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆಯನ್ನು ನಾನು ನೋಡಿಲ್ಲ. ಹತ್ತಿರದ ಶಾಲೆಯ ಟೀಚರ್ ಒಬ್ಬರು ತಮ್ಮಲ್ಲಿ ಮಿಕ್ಕಿದ್ದ ಹಳೆಯ ನಲಿ-ಕಲಿ ಕಾರ್ಡ್‌ಗಳನ್ನು ಕೊಟ್ಟರು.

ಲೆಕ್ಕದಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗುಜರಿ ಗೋಡೌನಿನಲ್ಲಿ ಬೆಳೆದ ಮಕ್ಕಳಿಗೆ ತೂಕ, ದರ ಬಾಯಲ್ಲೇ ಇರುತ್ತದೆ. ಕೆ.ಜಿ.ಗೆ ಹತ್ತು ರೂಪಾಯಿ ಅಂದರೆ ಮೂರೂವರೆ ಕೆ.ಜಿ. ರಟ್ಟಿಗೆ ಎಷ್ಟು ಅಂತ ಕೇಳಿ. ನೀವು ಮಾತು ಮುಗಿಸುವ ಮುಂಚೆ ಉತ್ತರ ಬರುತ್ತದೆ. ಮೂಟೆಯ ತೂಕದಲ್ಲಿ ಒದ್ದೆಗೆ ಎಷ್ಟು ಕಳೆಯಬೇಕು ಅನ್ನುವುದೂ ಗೊತ್ತು. ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ಮಗು ಸುಮ್ನೆ ಕೂತುಬಿಡುತ್ತದೆ. ಎದುರು ಸಾಲಿನ ಮಕ್ಕಳಿಗೆ ಉಲ್ಟಾ. ಮಗ್ಗಿ ಬಾಯಿಪಾಠ ಬರುತ್ತದೆ, ಗುಣಾಕಾರದ ಚಿಹ್ನೆ ಗೊತ್ತು, ಆದರೆ ಎಲ್ಲಿ ಗುಣಿಸಬೇಕು, ಎಲ್ಲಿ ಭಾಗಿಸಬೇಕು ತಿಳಿಯದು.

ಹಾಗಾಗಿ ಚಾಪೆಯ ಮೇಲೆ ಒಂದು ಗುಜರಿ ಅಂಗಡಿ ಇಟ್ಟೆವು. ಕೈತಕ್ಕಡಿ, ತೊಳೆದ ಬಾಟಲಿಗಳು, ಹಳೆಯ ರಟ್ಟು, ಕಾಗದದ ನೋಟು. ಒಬ್ಬ ಮಾರುವವನು, ಒಬ್ಬ ಕೊಳ್ಳುವವನು, ಒಬ್ಬ ಚೀಟಿ ಬರೆಯುವವನು. ಚೀಟಿ ಬರೆಯುವ ಕೆಲಸ ಶಾಲೆಗೆ ಹೋಗುವ ಮಗುವಿಗೆ, ಬಾಯಿಲೆಕ್ಕ ಶಾಲೆಗೆ ಹೋಗದ ಮಗುವಿಗೆ. ಎರಡು ವಾರದ ನಂತರ ಕೆಲಸ ಅದಲುಬದಲು. ಒಬ್ಬರಿಂದ ಒಬ್ಬರು ಕಲಿತದ್ದು ನಾನು ಕಲಿಸಿದ್ದಕ್ಕಿಂತ ಜಾಸ್ತಿ. ಬೀದಿಯಲ್ಲಿ ಕಸದವರು ಎಂದು ಕರೆಸಿಕೊಳ್ಳುತ್ತಿದ್ದ ಮಕ್ಕಳು ಇಲ್ಲಿ ಲೆಕ್ಕದ ಮೇಷ್ಟ್ರಾದರು. ಆ ಕೆಲಸದಲ್ಲಿರುವ ಬುದ್ಧಿಗೆ ಬೆಲೆ ಸಿಕ್ಕಿತು ಎಂಬ ಸಂತೋಷ ನನಗಿದೆ. ಹಾಗಂತ ಮಕ್ಕಳ ಕೈಯಲ್ಲಿ ಕಸ ಬೇರ್ಪಡಿಸುವ ಕೆಲಸ ಮಾಡಿಸುವುದು ಸರಿ ಎಂದಲ್ಲ. ಒಡೆದ ಗಾಜು, ಸೂಜಿ ಅದರಲ್ಲಿ ಇರುತ್ತವೆ. ಆ ಕೆಲಸ ನಿಲ್ಲಬೇಕು, ಬುದ್ಧಿ ಉಳಿಯಬೇಕು.

ನನ್ನ ಜೊತೆ ರೋಹಿಂಗ್ಯಾ ಸಾಲಿನ ಒಬ್ಬ ಯುವತಿ ಸಹಾಯಕಿಯಾಗಿದ್ದಾಳೆ. ಹೈದರಾಬಾದಿನಲ್ಲಿ ಕೆಲವು ವರ್ಷ ಓದಿದವಳು, ಹಿಂದಿ ಚೆನ್ನಾಗಿ ಬರುತ್ತದೆ. ಹೊಸದಾಗಿ ಬಂದ ಮಗು ಅತ್ತರೆ ಯಾಕೆ ಅಂತ ನನಗೆ ತಿಳಿಯುವುದಿಲ್ಲ, ಅವಳಿಗೆ ತಿಳಿಯುತ್ತದೆ. ಕಾಕ್ಸ್ ಬಜಾರಿನಲ್ಲಿ ಸ್ಥಳೀಯರ ಚಿತ್ತಗಾಂಗ್ ಮಾತು ರೋಹಿಂಗ್ಯಾ ಮಾತಿಗೆ ಹತ್ತಿರ. ಕನ್ನಡ ಹಾಗಲ್ಲ, ಅದರ ಮೂಲವೇ ಬೇರೆ. ಹೀಗಾಗಿ ಇಲ್ಲಿ ಅವರ ಮಾತು ಬಲ್ಲ ಒಬ್ಬರಿಲ್ಲದೆ ಕೇಂದ್ರ ನಡೆಸುವುದು ಆಗದ ಮಾತು. ಮಕ್ಕಳು ಕನ್ನಡ ಕಲಿತದ್ದು ಮಾತ್ರ ಬಹುಪಾಲು ಎದುರು ಸಾಲಿನ ಗೆಳೆಯರಿಂದ. ಲಗೋರಿ ಆಡುತ್ತಾ ಕಲಿತ ಕನ್ನಡ ಅದು. 'ನಂಗ ಬರಂಗಿಲ್ರೀ ಮಿಸ್' ಅನ್ನುತ್ತಾರೆ. ಅದನ್ನು ತಿದ್ದುವ ಅಗತ್ಯ ಯಾವತ್ತೂ ಕಾಣಲಿಲ್ಲ.

ಶಾಲೆಯ ಬಾಗಿಲು

ಕೇಂದ್ರ ಎಷ್ಟೇ ಚೆನ್ನಾಗಿ ನಡೆದರೂ ಅದು ಶಾಲೆಯಲ್ಲ. ಅಲ್ಲಿ ಟಿ.ಸಿ. ಇಲ್ಲ, ಬಿಸಿಯೂಟ ಇಲ್ಲ, ಮುಂದಿನ ಕ್ಲಾಸು ಇಲ್ಲ. ದಾನಿಗಳ ದುಡ್ಡು ನಿಂತ ದಿನ ಬಾಗಿಲು ಮುಚ್ಚುತ್ತದೆ. 2025ರ ಮಧ್ಯದಲ್ಲಿ ಕಾಕ್ಸ್ ಬಜಾರಿನಲ್ಲೇ ಹಣದ ಕೊರತೆಯಿಂದ ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರ ಕೆಲಸ ಹೋಯಿತು. ದೊಡ್ಡ ದೊಡ್ಡ ಸಂಸ್ಥೆಗಳ ಬೆಂಬಲ ಇರುವಲ್ಲೇ ಹೀಗಾದರೆ ನಮ್ಮ ತಗಡಿನ ಕೋಣೆಯ ಗತಿ ಏನು? ಸರ್ಕಾರಿ ಶಾಲೆ ಹಾಗೆ ಮುಚ್ಚಿ ಹೋಗುವುದಿಲ್ಲ. ಅದಕ್ಕೇ ಮಗುವನ್ನು ಅಲ್ಲಿಗೆ ತಲುಪಿಸುವುದು ಕೇಂದ್ರದ ನಿಜವಾದ ಕೆಲಸ.

ಕಾನೂನು ಮಗುವಿನ ಪರವಾಗಿಯೇ ಇದೆ. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ 'ಎಲ್ಲ ಮಕ್ಕಳಿಗೂ' ಉಚಿತ ಶಿಕ್ಷಣ ಎನ್ನುತ್ತದೆ, ನಾಗರಿಕರ ಮಕ್ಕಳಿಗೆ ಮಾತ್ರ ಎನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಮಗುವಿಗೂ ದಾಖಲಾತಿ ನಿರಾಕರಿಸುವಂತಿಲ್ಲ. 4ನೇ ಕಲಂ ಇನ್ನೂ ಮುಖ್ಯ. ಶಾಲೆ ನೋಡದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡಬೇಕು. 14 ದಾಟಿದರೂ ಎಂಟನೇ ತರಗತಿ ಮುಗಿಸುವವರೆಗೆ ಆ ಮಗುವಿಗೆ ಉಚಿತವಾಗಿ ಓದುವ ಹಕ್ಕಿದೆ. ಆಧಾರ್ ಇಲ್ಲ ಅಂತ ಶಾಲೆಗೆ ಸೇರಿಸದೆ ಇರುವಂತಿಲ್ಲ ಎಂಬುದು 2018ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಸ್ಪಷ್ಟ. 2025ರ ಫೆಬ್ರವರಿಯಲ್ಲಿ ಅದೇ ಕೋರ್ಟ್ ರೋಹಿಂಗ್ಯಾ ಮಕ್ಕಳ ಬಗ್ಗೆಯೇ ಮಾತಾಡಿತು. ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕೇಳಲಿ, ಕೊಡದಿದ್ದರೆ ಹೈಕೋರ್ಟಿಗೆ ಹೋಗಲಿ ಎಂದಿತು.

ಕಾನೂನಿನ ಪುಸ್ತಕದಿಂದ ಶಾಲೆಯ ಆಫೀಸಿನವರೆಗಿನ ದಾರಿ ಉದ್ದ. ನಾವು ಹೋದ ಶಾಲೆಯ ಎಚ್.ಎಂ. ಕೆಟ್ಟವರಲ್ಲ. "ಕೂರಿಸಿಕೊಳ್ಳೋಕೆ ನನಗೇನೂ ಇಲ್ಲಮ್ಮ. ಕಂಪ್ಯೂಟರಿನಲ್ಲಿ ಹೆಸರು ಏರಿಸುವಾಗ ಆಧಾರ್ ಕೇಳುತ್ತೆ. ನಾಳೆ ಪೊಲೀಸರು ಬಂದು ಕೇಳಿದರೆ ನಾನೇನು ಹೇಳಲಿ?" ಎಂದರು. ಅವರ ಭಯ ನಿಜವಾದದ್ದು. ಅದನ್ನು ಜೋರು ಮಾತಿನಿಂದ ಓಡಿಸಲಾಗುವುದಿಲ್ಲ. ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಇಲಾಖೆಯ ಸಿ.ಆರ್.ಪಿ.ಯನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಂದ್ರಕ್ಕೆ ಕರೆದು ಮಕ್ಕಳ ಓದು ತೋರಿಸಿದೆವು. ಕಾಯ್ದೆಯ ಕಲಂಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಕೊಟ್ಟೆವು. ವಯಸ್ಸಿಗೆ ತಂದೆ ತಾಯಿಯ ಲಿಖಿತ ಹೇಳಿಕೆ ಸಾಕು ಎಂದು ಕೇಂದ್ರ ಸರ್ಕಾರದ ಮಾದರಿ ನಿಯಮಗಳಲ್ಲೇ ಇದೆ. ಅದನ್ನೂ ಬರೆಸಿ ತಂದೆವು.

ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬೇರೆ. ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರೇ ಹೆಚ್ಚು. ಬ್ಯಾಗಿನ ಬಗ್ಗೆ ಕೇಳಿದ್ದ ಅದೇ ರಾಯಚೂರಿನ ತಾಯಿ ಆಗ ಅದರ ಸದಸ್ಯೆಯಾಗಿದ್ದರು. ಸಭೆಯಲ್ಲಿ ಅವರೇ ಎದ್ದು ನಿಂತು, "ನನ್ನ ಮಗನ ಸಂಗಾಟ ದಿನಾ ಕುಂತು ಓದ್ತಾವ್ರೀ ಈ ಹುಡುಗ್ರು. ಸಾಲ್ಯಾಗ ಯಾಕ ಬ್ಯಾಡ?" ಎಂದರು. ಆಮೇಲೆ ಹೆಚ್ಚು ಚರ್ಚೆ ಆಗಲಿಲ್ಲ. ಕೆಲವು ಮಕ್ಕಳ ಹೆಸರು ಹಾಜರಿ ಪುಸ್ತಕಕ್ಕೆ ಏರಿತು. ಇನ್ನು ಕೆಲವರು ಹೆಸರಿಲ್ಲದೆಯೇ ತರಗತಿಯಲ್ಲಿ ಕೂರುತ್ತಿದ್ದಾರೆ. ಇದು ಸರಿಯಲ್ಲ. ಹೆಸರಿಲ್ಲದ ಮಗುವಿಗೆ ಪುಸ್ತಕ, ಸಮವಸ್ತ್ರ ಲೆಕ್ಕದಲ್ಲಿ ಬರುವುದಿಲ್ಲ, ಮುಂದೆ ಟಿ.ಸಿ.ಯೂ ಸಿಗುವುದಿಲ್ಲ. ಅವರ ಹೆಸರು ಏರುವವರೆಗೆ ಕೇಳುತ್ತಲೇ ಇರಬೇಕು.

ಸೇರಿದವರು ಉಳಿದುಕೊಂಡರೇ? ಮೊದಲ ತಿಂಗಳು ಕಷ್ಟದ್ದು. ಬೆಲ್ಲು, ಸಾಲು, ಮಧ್ಯಾಹ್ನದವರೆಗೆ ಒಂದೇ ಕಡೆ ಕೂರುವುದು ಎಲ್ಲ ಹೊಸದು. ಆಗ ಎದುರು ಸಾಲಿನ ಮಕ್ಕಳು ಅವರ ಜೊತೆ ನಡೆದು ಹೋದರು, ಪಕ್ಕದಲ್ಲೇ ಕೂತರು, ಯಾರಾದರೂ ರೇಗಿಸಿದರೆ ತಾವೇ ಜಗಳಕ್ಕೆ ನಿಂತರು. ಚಾಪೆಯ ಮೇಲೆ ಮೊದಲೇ ಗೆಳೆತನ ಆಗಿರದಿದ್ದರೆ ಇದು ಆಗುತ್ತಿರಲಿಲ್ಲ. ಅದಕ್ಕೇ ಸೇರಿಸಿದ ಮೇಲೂ ಸಂಜೆಯ ಟ್ಯೂಷನ್ ನಿಲ್ಲಿಸಬಾರದು ಅನ್ನುತ್ತೇನೆ. ಎಷ್ಟೋ ಯೋಜನೆಗಳು ದಾಖಲಾತಿ ಆದ ದಿನವೇ ಕೆಲಸ ಮುಗಿಯಿತು ಎಂದು ವರದಿ ಬರೆಯುತ್ತವೆ. ಮಗು ಶಾಲೆ ಬಿಡುವುದು ಅದರ ನಂತರವೇ.

ಇನ್ನೂ ಬಗೆಹರಿಯದ್ದು

ಹನ್ನೆರಡು ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸುತ್ತಾರೆ. ಇದು ಎರಡೂ ಸಾಲಿನಲ್ಲಿ ನಡೆಯುತ್ತದೆ, ಒಂದು ಸಮುದಾಯದ್ದು ಎಂದು ಯಾರೂ ಭಾವಿಸಬಾರದು. ಒಂದು ಕಡೆ ಪರದೆಯ ಮಾತು, ಇನ್ನೊಂದು ಕಡೆ ತಾಯಿ ಕೂಲಿಗೆ ಹೋದಾಗ ಮನೆ ನೋಡುವವರು ಯಾರು ಎಂಬ ಪ್ರಶ್ನೆ. ಸಹಾಯಕಿ ಯುವತಿ ಒಬ್ಬರ ಶೆಡ್ಡಿನಲ್ಲೇ ಹುಡುಗಿಯರಿಗೆ ಮಾತ್ರ ಒಂದು ಗುಂಪು ಶುರು ಮಾಡಿದ್ದಾಳೆ. ಓದು, ಜೊತೆಗೆ ಹೊಲಿಗೆ. ಹೊಲಿಗೆ ಇದೆ ಅಂದರೆ ಮನೆಯವರು ಕಳಿಸುತ್ತಾರೆ. ಅಳತೆ ಬರೆದುಕೊಳ್ಳುವ ನೆಪದಲ್ಲಿ ಲೆಕ್ಕವೂ ನಡೆಯುತ್ತದೆ.

ಜಾಗದ ಚಿಂತೆ ಇದ್ದೇ ಇದೆ. ಜಮೀನಿನ ಮಾಲೀಕರು ಕಟ್ಟಡ ಎಬ್ಬಿಸುತ್ತೇವೆ ಅಂದರೆ ಎರಡೂ ಸಾಲು ಎದ್ದು ಹೋಗಬೇಕು. ದಾಖಲೆ ಪರಿಶೀಲನೆಯ ಸುದ್ದಿ ಹಬ್ಬಿದರೆ ರಾತ್ರೋರಾತ್ರಿ ಕುಟುಂಬಗಳು ಬೇರೆ ಊರಿಗೆ ಹೊರಟುಬಿಡುತ್ತವೆ. ಅದಕ್ಕಾಗಿ ಪ್ರತಿ ಮಗುವಿಗೂ ಒಂದು ಕಲಿಕಾ ಚೀಟಿ ಮಾಡಿದ್ದೇವೆ. ಮಗು ಏನು ಓದಬಲ್ಲದು, ಯಾವ ಲೆಕ್ಕ ಬರುತ್ತದೆ, ಏಣಿಯಲ್ಲಿ ಎಲ್ಲಿದೆ ಎಂಬುದನ್ನು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಬರೆದಿರುತ್ತದೆ. ವಿಳಾಸ, ದೇಶ, ಗುರುತಿನ ಕಾರ್ಡಿನ ನಂಬರು ಅದರಲ್ಲಿ ಇರುವುದಿಲ್ಲ. ಯಾರ ಕೈಗೆ ಸಿಕ್ಕರೂ ಮಗುವಿಗೆ ತೊಂದರೆ ಆಗಬಾರದು. ಬಿತ್ತನೆಗೆ ಊರಿಗೆ ಹೋದ ಯಾದಗಿರಿಯ ಮಕ್ಕಳಲ್ಲಿ ಕೆಲವರು ಇದೇ ಚೀಟಿಯನ್ನು ಅಲ್ಲಿನ ಶಾಲೆಯ ಮೇಷ್ಟ್ರಿಗೆ ತೋರಿಸಿದರು. ಒಬ್ಬ ಮೇಷ್ಟ್ರು ಅದರ ಹಿಂಬದಿಯಲ್ಲೇ ಮಗು ಆ ತಿಂಗಳು ಕಲಿತದ್ದನ್ನು ಬರೆದು ಕಳಿಸಿದರು. ಈ ಜೂನ್‌ನಿಂದ ಚೀಟಿಯ ಹಿಂಬದಿಯಲ್ಲಿ ಅದಕ್ಕಾಗಿಯೇ ಖಾಲಿ ಗೆರೆಗಳನ್ನು ಹಾಕಿಸುತ್ತಿದ್ದೇವೆ.